ಪುಸ್ತಕದ ವಯಸ್ಸು ಕೇಳು

ಹೋದ ವಾರ ಮನೆಗೆ ಬಂದಾಗ ನೀನು ಫೋನು ತೆರೆದು ಒಂದು ಪಟ್ಟಿ ತೋರಿಸಿದೆ. ಎಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು, ಎಲ್ಲವೂ ಪಿಡಿಎಫ್. ಜೋಹರ್ ಇತ್ತು, ಸಾಲೊಮನ್ನನ ಕೀಲಿಕೈ ಇತ್ತು, ಅಗ್ರಿಪ್ಪ ಇದ್ದ, ಕ್ರೌಲಿ ಇದ್ದ, ಟ್ಯಾರೋ ಎಲೆಗಳ ಮೇಲೆ ಹತ್ತಾರು, ನಡುವೆ ಮೂವತ್ತೇ ದಿನದಲ್ಲಿ ಸಿದ್ಧಿ ಮಾಡಿಸಿಕೊಡುತ್ತೇವೆ ಎನ್ನುವ ಎರಡು ಮೂರು. 'ಎಲ್ಲಿಂದ ಶುರು ಮಾಡಲಿ?' ಎಂದು ನೀನು ಕೇಳಿದೆ. ಅವತ್ತು ಮನೆ ತುಂಬ ನೆಂಟರು. ನಾನು ಏನೋ ಒಂದು ಹೇಳಿ ಕಳಿಸಿಬಿಟ್ಟೆ. ರಾತ್ರಿಯೆಲ್ಲ ಅದೇ ಕೊರೆಯಿತು. ಹೆಚ್ಚೂಕಡಿಮೆ ನಿನ್ನ ವಯಸ್ಸಿನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಓಡಾಡಿದ್ದೆ. ಕೂರಿಸಿಕೊಂಡು ಹೇಳುವವರು ಯಾರೂ ಸಿಗಲಿಲ್ಲ. ಅದಕ್ಕೇ ಈಗ ಬರೆಯಲು ಕೂತೆ.

ನನ್ನನ್ನು ಈ ಪುಸ್ತಕಗಳ ಕಡೆ ತಳ್ಳಿದ್ದು ದುಃಖ. ಇಪ್ಪತ್ತಾರರಲ್ಲಿ ತಮ್ಮನನ್ನು ಕಳೆದುಕೊಂಡೆ. ಅವನ ಜೊತೆ ಆಡದೆ ಉಳಿದ ಮಾತೊಂದಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದವರ ಹತ್ತಿರ ಟ್ಯಾರೋ ಮತ್ತು ಕಬ್ಬಾಲಾ ಕುರಿತ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರ ಮೊದಲ ಪುಟದಲ್ಲೇ ಇದು ಪ್ರಾಚೀನ ಈಜಿಪ್ಟಿನ ಅರ್ಚಕರ ವಿದ್ಯೆ ಎಂದು ಬರೆದಿತ್ತು. ಹನ್ನೊಂದು ವರ್ಷ ಅದನ್ನೇ ನಂಬಿದ್ದೆ. ಆ ನಂಬಿಕೆಯ ಬಲದ ಮೇಲೆಯೇ, ಸತ್ತವರ ದನಿ ಕೇಳಿಸುತ್ತೇನೆಂದ ಒಬ್ಬರಿಗೆ ಎರಡು ತಿಂಗಳ ಸಂಬಳ ಎಣಿಸಿಕೊಟ್ಟೆ. ದನಿಯೇನೂ ಕೇಳಿಸಲಿಲ್ಲ. ದುಡ್ಡು ಹೋದದ್ದಕ್ಕಿಂತ, ಆ ಕತ್ತಲೆಯ ಕೋಣೆಯಲ್ಲಿ ತಮ್ಮನ ಹೆಸರನ್ನು ಯಾರೋ ಅಪರಿಚಿತರ ಬಾಯಲ್ಲಿ ಕೇಳಬೇಕಾಯಿತಲ್ಲ, ಅದು ಇವತ್ತಿಗೂ ಉರಿಯುತ್ತದೆ.

ಹಾಗಾಗಿ ನಿನಗೆ ಮೊದಲು ಹೇಳಬೇಕಾದದ್ದು ಒಂದೇ. ಯಾವ ಪುಸ್ತಕ ತೆರೆದರೂ ಅದು ಏನು ಹೇಳುತ್ತದೆ ಎಂದು ನೋಡುವ ಮೊದಲು ಅದರ ವಯಸ್ಸು ಕೇಳು. ಈ ವಿದ್ಯೆಯ ಪುಸ್ತಕಗಳು ತಮ್ಮ ನಿಜವಾದ ವಯಸ್ಸನ್ನು ಹೇಳುವುದು ತೀರ ಅಪರೂಪ. ಒಂದು ಸಾಲೊಮನ್ ರಾಜನ ಹೆಸರಿನಲ್ಲಿ ಬರುತ್ತದೆ, ಇನ್ನೊಂದು ಮೋಸೆಸ್ಸನಿಗಿಂತ ಹಿಂದಿನದು ಎನ್ನುತ್ತದೆ, ಮತ್ತೊಂದು ಆದಾಮನಿಗೆ ದೇವದೂತನೇ ತಂದುಕೊಟ್ಟದ್ದು. ನಿಜವಾದ ವಯಸ್ಸು ತಿಳಿದ ಕೂಡಲೇ ಪುಸ್ತಕ ಬೆಲೆ ಕಳೆದುಕೊಳ್ಳುತ್ತದೆ ಎಂದು ಹೆದರಬೇಡ. ಅಷ್ಟೂ ಪುರಾಣಗಳನ್ನು ವ್ಯಾಸರ ಹೆಸರಿಗೆ ಬರೆದ ನಾಡಿನವರು ನಾವು. ಹಿರಿಯರ ಹೆಸರಿನ ಹಿಂದೆ ನಿಂತು ಬರೆಯುವುದು ಎಂಥ ಒತ್ತಡ, ಎಂಥ ವಿನಯ ಎಂದು ನಮಗೆ ಬೇಗ ಅರ್ಥವಾಗುತ್ತದೆ.

ಜೋಹರ್ ಕಥೆಯನ್ನೇ ತೆಗೆದುಕೋ. ಯಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲಾದ ಮಹಾಗ್ರಂಥ ಅದು. ಅರಮಾಯಿಕ್ ಭಾಷೆಯಲ್ಲಿದೆ. ಎರಡನೆಯ ಶತಮಾನದ ರಬ್ಬಿ ಶಿಮೋನ್ ಬರ್ ಯೊಹಾಯ್ ಮತ್ತು ಅವರ ಸಂಗಡಿಗರು ಗಲಿಲಿಯ ದಾರಿಗಳಲ್ಲಿ ನಡೆಯುತ್ತ ಧರ್ಮಗ್ರಂಥದ ಒಳಮಾತು ಬಿಡಿಸುವ ಪುಸ್ತಕ. ಅದು ಜನರ ಕೈಗೆ ಬಂದದ್ದು ಮಾತ್ರ 13ನೆಯ ಶತಮಾನದ ಕೊನೆಯಲ್ಲಿ, ಸ್ಪೇನಿನ ಕ್ಯಾಸ್ಟೀಲಿನಲ್ಲಿ, ಮೋಸೆಸ್ ದೆ ಲಿಯೋನ್ ಎಂಬವರ ಮೂಲಕ. ಹಳೆಯ ಓಲೆಯೊಂದರಿಂದ ನಕಲು ಮಾಡಿ ಕೊಡುತ್ತಿದ್ದೇನೆ ಎಂದು ಅವರು ಹೇಳಿಕೊಂಡಿದ್ದರು. 1305ರಲ್ಲಿ ಆಕ್ಕೊ ಊರಿನ ಐಸಾಕ್ ಎಂಬ ವಿದ್ವಾಂಸ ಸತ್ಯ ತಿಳಿಯಲೆಂದೇ ಸ್ಪೇನಿನಲ್ಲಿ ಓಡಾಡಿದ. ವಯ್ಯಾದೊಲಿದ್ ಪಟ್ಟಣದಲ್ಲಿ ಮೋಸೆಸ್ ಸಿಕ್ಕರು. ಮೂಲಪ್ರತಿ ಆವಿಲಾದ ನನ್ನ ಮನೆಯಲ್ಲಿದೆ, ಬಾ, ತೋರಿಸುತ್ತೇನೆ ಎಂದು ಆಣೆ ಹಾಕಿದರು. ಮನೆ ಮುಟ್ಟುವ ಮೊದಲು ದಾರಿಯಲ್ಲೇ ತೀರಿಕೊಂಡರು.

ಆಮೇಲೆ ಆದದ್ದು ನನಗೆ ಎಷ್ಟು ಸಲ ಓದಿದರೂ ಸಾಲದು. ಆವಿಲಾದ ಒಬ್ಬ ಸಿರಿವಂತ ತನ್ನ ಹೆಂಡತಿಯನ್ನು ಮೋಸೆಸ್ಸರ ವಿಧವೆಯ ಬಳಿ ಕಳಿಸಿದನಂತೆ: ಆ ಮೂಲಪ್ರತಿ ಕೊಡು, ನಿನ್ನ ಮಗಳನ್ನು ನಮ್ಮ ಮಗನಿಗೆ ತಂದುಕೊಳ್ಳುತ್ತೇವೆ, ಊಟಬಟ್ಟೆಗೆ ಕೊರತೆ ಮಾಡುವುದಿಲ್ಲ. ಕೈಯಲ್ಲಿ ಕಾಸಿಲ್ಲದ ಹೆಂಗಸು. ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಅಂಥ ಪುಸ್ತಕ ಮನೆಯಲ್ಲಿ ಇರಲೇ ಇಲ್ಲ, ಗಂಡ ಎಲ್ಲವನ್ನೂ ತನ್ನ ತಲೆಯಿಂದಲೇ ಬರೆದರು ಎಂದುಬಿಟ್ಟಳು. ಸ್ವಂತ ಹೆಸರಿನಲ್ಲೇ ಬರೆಯಬಾರದೇ ಎಂದು ತಾನು ಕೇಳಿದ್ದಾಗಿ, ನನ್ನದು ಎಂದರೆ ಯಾರು ಮೂರು ಕಾಸು ಕೊಡುತ್ತಾರೆ ಎನ್ನುವ ಅರ್ಥದ ಉತ್ತರ ಬಂದದ್ದಾಗಿಯೂ ಹೇಳಿದಳು. ಐಸಾಕನ ಈ ಬರಹ ಅರ್ಧದಲ್ಲೇ ತುಂಡಾಗುತ್ತದೆ. ಅವನು ಕೊನೆಗೆ ಏನು ತೀರ್ಮಾನಿಸಿದ ಎಂಬುದು ನಮಗೆ ಸಿಕ್ಕಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮೊದಲು ಓದಬೇಕಾದವರು ಗೆರ್ಶೋಮ್ ಶೋಲೆಮ್. 1897ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, 1923ರಲ್ಲಿ ಜೆರುಸಲೇಮಿಗೆ ಹೋಗಿ ನೆಲೆಸಿದವರು. ಕಬ್ಬಾಲಾ ಎಂದರೆ ಓದಿದ ಯಹೂದಿಗಳೇ ನಾಚಿಕೆಪಟ್ಟುಕೊಂಡು ಮುಖ ತಿರುಗಿಸುತ್ತಿದ್ದ ಕಾಲ. ಇವರು ಹಸ್ತಪ್ರತಿ ಹಸ್ತಪ್ರತಿಯಾಗಿ ಕೂತು ಓದಿ ಅದನ್ನು ಒಂದು ಶಾಸ್ತ್ರವಾಗಿ ನಿಲ್ಲಿಸಿದರು. 1938ರಲ್ಲಿ ನ್ಯೂಯಾರ್ಕಿನಲ್ಲಿ ಕೊಟ್ಟ ಉಪನ್ಯಾಸಗಳು 1941ರಲ್ಲಿ 'ಮೇಜರ್ ಟ್ರೆಂಡ್ಸ್ ಇನ್ ಜ್ಯೂಯಿಷ್ ಮಿಸ್ಟಿಸಿಸಂ' ಎಂಬ ಪುಸ್ತಕವಾದವು. ಒಟ್ಟು ಒಂಬತ್ತು ಉಪನ್ಯಾಸ. ಮೊದಲನೆಯದರಿಂದ ಶುರು ಮಾಡಬೇಡ, ಅದು ಎಲ್ಲ ಓದಿ ಮುಗಿಸಿದವರಿಗೆ ರುಚಿಸುವಂಥದ್ದು. ಐದನೆಯದಕ್ಕೆ ನೇರ ಹೋಗು. ಜೋಹರ್ ಬರೆದವರು ಯಾರು ಎಂದು ಅಲ್ಲಿ ಹುಡುಕುತ್ತಾರೆ. ಭಾಷೆ ಎಲ್ಲಿ ಎಡವಿದೆ, ಪ್ಯಾಲೆಸ್ಟೀನ್ ನೋಡಿಯೇ ಇಲ್ಲದವನ ಭೂಗೋಳ ಎಲ್ಲೆಲ್ಲಿ ಇಣುಕುತ್ತದೆ, ಮಧ್ಯಯುಗದ ತತ್ತ್ವಶಾಸ್ತ್ರದ ಪದಗಳು ಎರಡನೆಯ ಶತಮಾನದ ಋಷಿಗಳ ಬಾಯಲ್ಲಿ ಹೇಗೆ ಬಂದವು, ಒಂದೊಂದನ್ನೇ ಎತ್ತಿ ಹಿಡಿಯುತ್ತಾರೆ. ಕ್ಯಾಪಡೋಶಿಯ ಎಂಬ ದೂರದ ಸೀಮೆ ಜೋಹರ್‌ನಲ್ಲಿ ಗಲಿಲಿಯ ಪಕ್ಕದ ಹಳ್ಳಿಯಾಗಿಬಿಟ್ಟಿದೆ! ಕೊನೆಗೆ ಬರೆದವರು ಮೋಸೆಸ್ ದೆ ಲಿಯೋನರೇ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇನ್ನೂ ಒಂದು ಮಾತು: 1925ರಲ್ಲಿ ಹೀಬ್ರೂ ವಿಶ್ವವಿದ್ಯಾಲಯದ ತಮ್ಮ ಮೊದಲ ಉಪನ್ಯಾಸದಲ್ಲಿ ಇದೇ ಶೋಲೆಮ್ ಇದರ ವಿರುದ್ಧದ ಕಡೆ ವಾಲಿದ್ದರು. ಹದಿಮೂರು ವರ್ಷ ಓದಿ, ತಮ್ಮ ಮಾತನ್ನು ತಾವೇ ಹಿಂದಕ್ಕೆ ಪಡೆದರು. ಇಂಥವರ ಕೈ ಹಿಡಿದು ಹೋದರೆ ದಾರಿ ತಪ್ಪುವ ಭಯ ಕಡಿಮೆ. ಈಚಿನ ವಿದ್ವಾಂಸರು ಒಬ್ಬರಲ್ಲ, ಒಂದು ಗುಂಪೇ ಬರೆದಿರಬೇಕು ಎನ್ನುತ್ತಾರೆ. ಅದೂ ನಿನಗೆ ಮುಂದೆ ಸಿಗುತ್ತದೆ.

ಐದಾದ ಮೇಲೆ ಆರು, ಏಳು. ಏಳನೆಯದು ಲೂರಿಯಾ ಕುರಿತದ್ದು. ಅಲ್ಲಿ ನಿಧಾನಿಸು. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಗಟ್ಟಿತು. ಅವರಲ್ಲಿ ಕೆಲವರ ಮಕ್ಕಳು ಮೊಮ್ಮಕ್ಕಳು ಗಲಿಲಿಯ ಬೆಟ್ಟದ ಮೇಲಿನ ಸಫೇದ್ ಎಂಬ ಊರಿನಲ್ಲಿ ಸೇರಿದರು. ಐಸಾಕ್ ಲೂರಿಯಾ ಅಲ್ಲಿಗೆ ಬಂದದ್ದು 1570ರಲ್ಲಿ. 1572ರಲ್ಲಿ ಪ್ಲೇಗ್ ಬಂದು ತೀರಿಕೊಂಡರು. ಎರಡೇ ವರ್ಷ. ತಾವಾಗಿ ಬರೆದದ್ದು ಬಹಳ ಕಡಿಮೆ, ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟುಕೊಂಡದ್ದೇ ನಮಗೆ ಉಳಿದದ್ದು. ಸೃಷ್ಟಿಗೆ ಜಾಗ ಬಿಡಲೆಂದು ದೇವರು ತನ್ನನ್ನು ತಾನೇ ಒಳಕ್ಕೆ ಎಳೆದುಕೊಂಡ. ಬೆಳಕು ತುಂಬಿದ ಪಾತ್ರೆಗಳು ತಾಳಲಾರದೆ ಒಡೆದವು. ಚೂರುಗಳಿಗೆ ಅಂಟಿಕೊಂಡ ಕಿಡಿಗಳನ್ನು ಆಯ್ದು ಮರಳಿ ಸೇರಿಸುವುದು ಮನುಷ್ಯನ ಕೆಲಸ. ಮನೆ ಕಳೆದುಕೊಂಡವರ ನಡುವೆ ಬೆಳೆದ ಮಾತು ಇದು ಎಂದು ನೆನೆದು ಓದು. ಶೋಲೆಮ್ ಕೂಡ ಹಾಗೆಯೇ ಓದಿದರು. ಆ ಹೋಲಿಕೆಯನ್ನು ಅಷ್ಟು ನೇರವಾಗಿ ಎಳೆಯಬಾರದು ಎಂದು ವಾದಿಸಿದವರು ಮೊಶೆ ಐಡೆಲ್. ಅವರ 1988ರ 'ಕಬ್ಬಾಲಾ: ನ್ಯೂ ಪರ್ಸ್ಪೆಕ್ಟಿವ್ಸ್' ಪುಸ್ತಕವನ್ನು ಎರಡನೆಯ ವರ್ಷಕ್ಕೆ ಇಟ್ಟುಕೋ.

ನಲವತ್ತು ತುಂಬುವ ತನಕ ಕಬ್ಬಾಲಾ ಮುಟ್ಟಬಾರದಂತೆ, ಹೌದಾ ಎಂದೂ ನೀನು ಕೇಳಿದೆ. ಇಲ್ಲೂ ವಯಸ್ಸು ವಿಚಾರಿಸೋಣ. 1665ರಲ್ಲಿ ಸಬ್ಬತಾಯ್ ಜೆವಿ ಎಂಬಾತ ತಾನೇ ಮೆಸ್ಸಾಯ ಎಂದು ಘೋಷಿಸಿಕೊಂಡ, ಮನೆಮಠ ಮಾರಿ ಹೊರಡಲು ಜನ ಸಿದ್ಧರಾದರು, ಮರುವರ್ಷವೇ ಆತ ಸುಲ್ತಾನನ ಮುಂದೆ ಮತ ಬದಲಿಸಿದ. ಆ ಗಾಯ ಮಾಯುವ ಮೊದಲೇ ಯಾಕೋಬ್ ಫ್ರಾಂಕ್ ಎಂಬಾತನ ಪಂಥ ಎದ್ದಿತು. ಆಗ, 1756ರಲ್ಲಿ, ಬ್ರೋಡಿ ಎಂಬಲ್ಲಿ ಸೇರಿದ ರಬ್ಬಿಗಳು ಮೂವತ್ತರ ಮೊದಲು ಜೋಹರ್, ನಲವತ್ತರ ಮೊದಲು ಲೂರಿಯಾ ಬೋಧೆ ಓದಕೂಡದೆಂದು ಕಟ್ಟು ಹಾಕಿದರು. ಲೂರಿಯಾ ತೀರಿಕೊಂಡಾಗ ಅವರಿಗೇ ಮೂವತ್ತೆಂಟು! ಹಾಗೆಂದು ಆ ಕಟ್ಟನ್ನು ಹಗುರವಾಗಿ ಕಾಣಬೇಡ. ಸುಟ್ಟುಕೊಂಡವರು ಹಾಕಿದ ಬೇಲಿ ಅದು. ಬೇಲಿಗೂ ಮೊದಲು ಯಹೂದಿಗಳ ಧರ್ಮಗ್ರಂಥ ತಾಲ್ಮುದ್ ಹೇಳುವ ನಾಲ್ವರ ಕಥೆಯಿದೆ: ನಾಲ್ವರು ತೋಟ ಹೊಕ್ಕರು, ಒಬ್ಬ ಸತ್ತ, ಒಬ್ಬನಿಗೆ ಬುದ್ಧಿ ಕೆಟ್ಟಿತು, ಒಬ್ಬ ಸಸಿಗಳನ್ನು ಕಿತ್ತ, ರಬ್ಬಿ ಅಕಿವಾ ಒಬ್ಬರೇ ನೆಮ್ಮದಿಯಿಂದ ಹೋಗಿ ನೆಮ್ಮದಿಯಿಂದ ಬಂದರು. ಅಕಿವಾ ಬಳಿ ಬೇರೆ ಯಾವ ಗುಟ್ಟೂ ಇರಲಿಲ್ಲ ಎಂದು ನನ್ನ ಅನಿಸಿಕೆ. ದಿನನಿತ್ಯದ ಧರ್ಮದಲ್ಲಿ ಅವರ ಕಾಲು ಗಟ್ಟಿಯಾಗಿ ಊರಿತ್ತು. ಕಬ್ಬಾಲಾ ಬರೆದವರೆಲ್ಲ ಬೆಳಗಿನ ಪ್ರಾರ್ಥನೆ, ಊಟದ ಕಟ್ಟುಪಾಡು, ಸಬ್ಬತ್ತಿನ ದೀಪ ಬಿಡದ ಮನೆಗಳವರು. ಆ ಬದುಕನ್ನು ಕಳಚಿ ಬರೀ ದೇವರ ಗುಣರೂಪಗಳೆಂಬ ಹತ್ತು ಸೆಫಿರೋತ್‌ಗಳ ಚಿತ್ರ ಕೈಗೆತ್ತಿಕೊಂಡರೆ ಉಳಿಯುವುದು ನಕ್ಷೆ ಮಾತ್ರ.

ನಕ್ಷೆಯ ಮಾತು ಬಂತಲ್ಲ, ಒಂದು ಬಿನ್ನಹ. ಹತ್ತು ಸೆಫಿರೋತ್‌ಗಳನ್ನು ನೋಡಿದ ಕೂಡಲೇ ನಮ್ಮವರ ಕೈ ಚಕ್ರಗಳ ಕಡೆ ಹೋಗುತ್ತದೆ: ಇದೇ ಮೂಲಾಧಾರ, ಇದೇ ಸಹಸ್ರಾರ. ಒಂದು ವರ್ಷ ಆ ಕೈ ಹಿಡಿದುಕೋ. ಕೆತೆರ್, ಹೊಖ್ಮಾ, ಬಿನಾ ಎಂದು ಅವುಗಳ ಹೆಸರಿನಿಂದಲೇ ಕರೆ. ಬದಲಿಗೆ ಹೀಬ್ರೂ ಅಕ್ಷರ ಕಲಿ. ಇಪ್ಪತ್ತೆರಡೇ ಅಕ್ಷರ, ದಿನಕ್ಕೊಂದರಂತೆ ಒಂದು ತಿಂಗಳೂ ಬೇಡ. ಕಟಪಯಾದಿ ಕೇಳಿ ಬೆಳೆದವರಿಗೆ ಅಕ್ಷರಕ್ಕೆ ಸಂಖ್ಯೆಯಿರುವುದು ಹೊಸತೇನಲ್ಲ. ಹೀಬ್ರೂವಿನಲ್ಲಿ 'ಅಹವಾ' ಎಂದರೆ ಪ್ರೀತಿ, ಅಕ್ಷರಗಳ ಮೊತ್ತ 13. 'ಎಹಾದ್' ಎಂದರೆ ಒಂದು, ಅದೂ 13. ಎರಡೂ ಕೂಡಿದರೆ 26, ದೇವರ ನಾಲ್ಕಕ್ಷರದ ಹೆಸರಿನ ಮೊತ್ತ. ನಾನು ಇದನ್ನು ಮೊದಲ ಸಲ ಕೈಯಾರೆ ಕೂಡಿ ನೋಡಿದ ದಿನ ಊಟ ಮರೆತಿದ್ದೆ. ಹತ್ತು ಪುಸ್ತಕ ಕೊಡಲಾಗದ್ದನ್ನು ಆ ಒಂದು ಲೆಕ್ಕ ಕೊಟ್ಟಿತು.

ಇನ್ನೊಂದು ತೊಡಕು ನಮ್ಮ ಲಿಪಿಯಲ್ಲೇ ಇದೆ. ಇಂಗ್ಲಿಷಿನವರು ಕಬ್ಬಾಲಾ ಎಂಬುದನ್ನು ಮೂರು ಬಗೆಯಾಗಿ ಬರೆಯುತ್ತಾರೆ. ಮೊದಲ ಅಕ್ಷರ ಕೆ ಇದ್ದರೆ ಸಾಮಾನ್ಯವಾಗಿ ಯಹೂದಿಗಳದು, ಸಿ ಇದ್ದರೆ ಕ್ರೈಸ್ತರು ಎರವಲು ಪಡೆದದ್ದು, ಕ್ಯೂ ಇದ್ದರೆ 19ನೆಯ ಶತಮಾನದಿಂದೀಚೆಗಿನ ಯೂರೋಪಿನ ಗೂಢವಿದ್ಯೆಯವರದು. ಕನ್ನಡದಲ್ಲಿ ಬರೆದರೆ ಮೂರೂ ಒಂದೇ ಆಗಿ, ಮೂರು ಬೇರೆ ಬೇರೆ ಹೊಳೆ ಎಂಬುದೇ ಮರೆಯಾಗುತ್ತದೆ. ನಿನ್ನ ಪಟ್ಟಿಯಲ್ಲಿದ್ದ ಬಹುಪಾಲು ಮೂರನೆಯ ಹೊಳೆಯವು. ತಪ್ಪಲ್ಲ. ಆದರೆ ಅವನ್ನು ಮೊದಲ ಹೊಳೆಯ ನೀರೆಂದು ಕುಡಿಯಬೇಡ.

ಎರಡನೆಯ ಹೊಳೆ ಶುರುವಾದದ್ದು ಇಟಲಿಯಲ್ಲಿ. ಪಿಕೊ ದೆಲ್ಲಾ ಮಿರಾಂದೊಲಾ ಎಂಬ ಇಪ್ಪತ್ಮೂರರ ಹುಡುಗ 1486ರಲ್ಲಿ ಒಂಬೈನೂರು ಸಿದ್ಧಾಂತಗಳನ್ನು ಬರೆದು, ಬನ್ನಿ ವಾದ ಮಾಡೋಣ ಎಂದು ಲೋಕವನ್ನೇ ಕರೆದ. ಅವುಗಳಲ್ಲಿ ಕಬ್ಬಾಲಾದವೂ ಇದ್ದವು. ಅದಕ್ಕೂ ಮುಂಚೆ, 1463ರಲ್ಲಿ, ಕೊಸಿಮೊ ದೆ ಮೆದಿಚಿ ತನ್ನ ವಿದ್ವಾಂಸ ಫಿಚಿನೊಗೆ ಪ್ಲೇಟೋವನ್ನು ಪಕ್ಕಕ್ಕಿಟ್ಟು ಮೊದಲು ಹರ್ಮಿಸ್ ಎಂಬ ಪುರಾತನ ಋಷಿಯದೆನ್ನುವ ಗ್ರಂಥ ಅನುವಾದಿಸಿಕೊಡು ಎಂದಿದ್ದ. ಅದು ಪ್ಲೇಟೋವಿಗಿಂತ ಬಹಳ ಹಿಂದಿನ ಈಜಿಪ್ಟಿನ ಜ್ಞಾನ ಎಂಬ ನಂಬಿಕೆ. ಮುದುಕನಿಗೆ ಸಾಯುವ ಮುಂಚೆ ಓದಬೇಕಿತ್ತು. 1614ರಲ್ಲಿ ಐಸಾಕ್ ಕಸೌಬನ್ ಅದರ ಗ್ರೀಕ್ ಭಾಷೆ ಪರೀಕ್ಷಿಸಿ, ಇದು ಕ್ರಿಸ್ತನಿಂದ ಈಚಿನದು ಎಂದು ತೋರಿಸಿದರು. ಒಂದೂವರೆ ಶತಮಾನದ ನಂಬಿಕೆ. ಈ ಇಡೀ ಕಥೆಗೆ ಫ್ರಾನ್ಸೆಸ್ ಯೇಟ್ಸ್ ಅವರ ಬ್ರೂನೊ ಎಂಬ ತತ್ತ್ವಜ್ಞಾನಿ ಕುರಿತ 1964ರ ಪುಸ್ತಕ ಓದು. ಅವರ ಕೆಲವು ವಾದಗಳನ್ನು ಮುಂದಿನವರು ತಿದ್ದಿದ್ದಾರೆ, ಆದರೆ ಓದುವ ಸುಖವನ್ನು ಯಾರೂ ಮೀರಿಸಿಲ್ಲ.

ಗೂಢತತ್ತ್ವಕ್ಕೆ ಒಂದೇ ಪುಸ್ತಕ ಎಂದರೆ ಅಗ್ರಿಪ್ಪ. ಕಲೋನಿನಲ್ಲಿ 1486ರಲ್ಲಿ ಹುಟ್ಟಿದವ. 'ದೆ ಒಕುಲ್ತಾ ಫಿಲೊಸೊಫಿಯಾ' ಗ್ರಂಥದ ಮೊದಲ ಕರಡು ಬರೆದಾಗ ಇಪ್ಪತ್ನಾಲ್ಕು, ನಿನ್ನ ವಯಸ್ಸೇ. ಪೂರ್ತಿ ಅಚ್ಚಾದದ್ದು 1533ರಲ್ಲಿ, ಸಾಯುವ ಎರಡು ವರ್ಷ ಮುಂಚೆ. ಮೂರು ಭಾಗ, ಮೂರು ಲೋಕ: ಕೆಳಗೆ ಗಿಡ ಕಲ್ಲು ಪ್ರಾಣಿಗಳದ್ದು, ನಡುವೆ ಗ್ರಹಗಳು ಮತ್ತು ಸಂಖ್ಯೆಗಳದ್ದು, ಮೇಲೆ ದೇವದೂತರು ಮತ್ತು ಹೆಸರುಗಳದ್ದು. ಮೇಲಿನದು ಕೆಳಗಿನದಕ್ಕೆ ಗುಣ ಇಳಿಸುತ್ತದೆ, ಆ ಇಳಿಯುವ ದಾರಿಯನ್ನು ತಿಳಿಯುವುದೇ ವಿದ್ಯೆ ಎಂಬುದು ಅವನ ನೋಟ. ಮುಂದಿನ ಮುನ್ನೂರು ವರ್ಷ ಎಲ್ಲರೂ ಅವನಿಂದ ಎತ್ತಿಕೊಂಡವರೇ. 1801ರಲ್ಲಿ ಲಂಡನ್ನಿನಲ್ಲಿ ಬಂದ ಬ್ಯಾರೆಟ್ಟನ 'ದ ಮೇಗಸ್' ಬಹುಪಾಲು ಇವನದೇ ನಕಲು. ಅವನ ಹೆಸರಿನ 'ನಾಲ್ಕನೆಯ ಪುಸ್ತಕ' ಒಂದು ನಿನ್ನ ಪಟ್ಟಿಯಲ್ಲಿತ್ತು, ಅಳಿಸಿಹಾಕು. ಅದು ಗುರುವಿನದಲ್ಲ ಎಂದು ಅವನ ಶಿಷ್ಯ ಯೋಹಾನ್ ವೇಯರ್ ಆಗಲೇ ಹೇಳಿದ್ದ.

ಅಗ್ರಿಪ್ಪನ ಗ್ರಂಥದ ಎರಡನೆಯ ಭಾಗದಲ್ಲಿ ಏಳು ಗ್ರಹಗಳ ಸಂಖ್ಯಾಚೌಕಗಳಿವೆ. ಶನಿಗೆ ಸಾಲಿಗೆ ಮೂರು ಮನೆಯ ಚೌಕ, ಯಾವ ಸಾಲು ಕೂಡಿದರೂ 15; ಗುರುವಿಗೆ ನಾಲ್ಕು ಮನೆಯದು, 34; ಸೂರ್ಯನಿಗೆ ಆರರದು, 111. ನಿನಗೆ ಪ್ರಯೋಗವೇ ಬೇಕಿದ್ದರೆ ಇಲ್ಲಿಂದ ಶುರು ಮಾಡು. ಪೆನ್ಸಿಲ್ ಹಿಡಿದು ಗುರುವಿನ ಚೌಕ ಬರೆ, ಸಾಲು, ಕಂಬ, ಕರ್ಣ ಎಲ್ಲ ಕೂಡು. ಆಮೇಲೆ ಡ್ಯೂರರನ 'ಮೆಲಂಕೋಲಿಯಾ' ಚಿತ್ರದ ಗೋಡೆಯ ಮೇಲಿರುವ ಚೌಕ ನೋಡು. ಅದೂ 34ರದೇ, ಕೆಳಸಾಲಿನ ನಡುವೆ 15 ಮತ್ತು 14, ಚಿತ್ರ ಕೆತ್ತಿದ ವರ್ಷ 1514.

ಅಗ್ರಿಪ್ಪ ನನಗೆ ಪ್ರಿಯನಾಗಿರುವುದಕ್ಕೆ ಬೇರೊಂದು ಕಾರಣವಿದೆ. 1519ರಲ್ಲಿ ಮೆಟ್ಸ್ ನಗರದಲ್ಲಿ ಅವನು ವಕೀಲಿಕೆಯ ಕೆಲಸದಲ್ಲಿದ್ದ. ಪಕ್ಕದ ಹಳ್ಳಿಯ ಹೆಂಗಸೊಬ್ಬಳನ್ನು ಮಾಟಗಾತಿ ಎಂದು ಹಿಡಿದು ಹಿಂಸಿಸಿದರು. ತಾಯಿಯನ್ನು ಮಾಟಗಾತಿ ಎಂದು ಸುಟ್ಟಿದ್ದರು, ಆದ್ದರಿಂದ ಮಗಳೂ ಅದೇ ಎಂಬುದು ವಾದ. ಮಂತ್ರವಿದ್ಯೆಯ ದೊಡ್ಡ ಗ್ರಂಥ ಬರೆದ ಇದೇ ಮನುಷ್ಯ ವಿಚಾರಣಾಧಿಕಾರಿಗೆ ಎದುರು ನಿಂತು ಅವಳನ್ನು ಬಿಡಿಸಿದ. ಅದಾದ ಮೇಲೆ ಆ ಊರಿನಲ್ಲಿ ಅವನಿಗೆ ನೆಲೆ ಉಳಿಯಲಿಲ್ಲ. ಎಲ್ಲ ವಿದ್ಯೆಗಳ ಪೊಳ್ಳುತನ ಕುರಿತು ಇನ್ನೊಂದು ಪುಸ್ತಕ ಬರೆದ, ಮಂತ್ರವಿದ್ಯೆಯನ್ನೂ ಅದರಲ್ಲಿ ಬಿಡಲಿಲ್ಲ, ಆ ಪುಟಗಳನ್ನೇ ತನ್ನ ಗೂಢತತ್ತ್ವದ ಗ್ರಂಥದ ಕೊನೆಗೆ ಸೇರಿಸಿದ. ಎರಡನ್ನೂ ಜೊತೆಗಿಟ್ಟುಕೊಂಡು ಓದು.

ಟ್ಯಾರೋ ಬಗ್ಗೆ ಹೆಚ್ಚು ಹೇಳಲು ಮನಸ್ಸಿಲ್ಲ. 15ನೆಯ ಶತಮಾನದ ಉತ್ತರ ಇಟಲಿಯ ಇಸ್ಪೀಟು ಆಟ ಅದು. ಈಜಿಪ್ಟಿನದು ಎಂದು ಕೂರ್ ದೆ ಜೆಬಲಾಂ ಬರೆದದ್ದು 1781ರಲ್ಲಿ. ಆಗಿನ್ನೂ ಈಜಿಪ್ಟಿನ ಚಿತ್ರಲಿಪಿ ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಅದರ ಇಪ್ಪತ್ತೆರಡು ತುರುಫು ಎಲೆಗಳನ್ನು ಇಪ್ಪತ್ತೆರಡು ಹೀಬ್ರೂ ಅಕ್ಷರಗಳಿಗೆ ಹೊಂದಿಸುವುದನ್ನು ಎಲ್ಲೆಡೆ ಹಬ್ಬಿಸಿದ್ದು 1850ರ ದಶಕದಲ್ಲಿ ಎಲಿಫಾಸ್ ಲೇವಿ. ನನ್ನ ಹನ್ನೊಂದು ವರ್ಷ ಅಲ್ಲಿ ಹೋಯಿತು. ಮೂರನೆಯ ಹೊಳೆಯಲ್ಲಿ ಒಂದನ್ನು ಓದುವುದಾದರೆ ಡಯನ್ ಫಾರ್ಚೂನ್ ಅವರ 1935ರ 'ದ ಮಿಸ್ಟಿಕಲ್ ಕಬ್ಬಾಲಾ' ಓದು. ತಾವು ರಬ್ಬಿಗಳ ಪರಂಪರೆಯನ್ನು ಬರೆಯುತ್ತಿಲ್ಲ, ತಮ್ಮವರು ಬಳಸುವುದನ್ನು ಬರೆಯುತ್ತಿದ್ದೇನೆ ಎಂಬ ಪ್ರಾಮಾಣಿಕತೆ ಅಲ್ಲಿದೆ.

ಪ್ರಯೋಗದ ಮಂತ್ರವಿದ್ಯೆ ನಿಜದಲ್ಲಿ ಹೇಗಿತ್ತು ಎಂದು ತಿಳಿಯಬೇಕೆ? ಕೈರೋದ ಹಳೇ ಪಟ್ಟಣದ ಬೆನ್ ಎಜ್ರಾ ಸಿನಗಾಗಿನ ಉಗ್ರಾಣ ನೋಡು. ದೇವರ ಹೆಸರಿರುವ ಕಾಗದ ಎಸೆಯಬಾರದೆಂದು ನೂರಾರು ವರ್ಷ ಅಲ್ಲಿ ತುಂಬಿಟ್ಟಿದ್ದರು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಅಲ್ಲಿಂದ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. 12ನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಅವನ ಆಳು ಬೊಮ್ಮ ಇವರ ಸುದ್ದಿಯುಳ್ಳ ಕಾಗದಗಳೂ ಆ ಉಗ್ರಾಣದವೇ. ಅದೇ ರಾಶಿಯಲ್ಲಿ ತಾಯಿತಗಳು, ಮಂತ್ರದ ಚೀಟಿಗಳು. ಯಾರಿಗೋ ಜ್ವರ ಇಳಿಯಬೇಕು, ಯಾರಿಗೋ ಮದುವೆಯಾಗಬೇಕು. ಬಾಣಂತಿಯ ಕೋಣೆಗೆ ಲಿಲಿತ್ ಬರಬಾರದೆಂದು ಮೂರು ದೇವದೂತರ ಹೆಸರು ಬರೆದು ಅಂಟಿಸುವ ರೂಢಿ ಯಹೂದಿ ಮನೆಗಳಲ್ಲಿ ಬಹುಕಾಲ ಇತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1701ರಲ್ಲಿ ಅಚ್ಚಾದ ರಾಜಿಯೆಲ್ ದೂತನ ಪುಸ್ತಕವನ್ನು ಮನೆಯಲ್ಲಿಟ್ಟರೆ ಬೆಂಕಿ ಬೀಳುವುದಿಲ್ಲ ಎಂಬ ನಂಬಿಕೆಯಿತ್ತು. ಓದುವುದು ಬೇಕಿರಲಿಲ್ಲ, ಇದ್ದರೆ ಸಾಕು. ಮಂತ್ರ ಎಂದರೆ ಲೋಕ ಗೆಲ್ಲುವ ಬಲ ಎಂದುಕೊಂಡಿದ್ದ ನಾನು ಈ ಚೀಟಿಗಳ ಬಗ್ಗೆ ಓದಿ ಮೆತ್ತಗಾದೆ. ಮಗು ಉಳಿಯಲಿ ಎಂದು ಬೇಡಿಕೊಂಡ ತಾಯಂದಿರಿಗಾಗಿ ಬರೆದ ವಿದ್ಯೆ ಇದು. ಟ್ರಾಖ್ಟೆನ್‌ಬರ್ಗ್ ಅವರ 1939ರ 'ಜ್ಯೂಯಿಷ್ ಮ್ಯಾಜಿಕ್ ಅಂಡ್ ಸೂಪರ್‌ಸ್ಟಿಷನ್', ಕೀಕ್‌ಹೆಫರ್ ಅವರ 1989ರ 'ಮ್ಯಾಜಿಕ್ ಇನ್ ದ ಮಿಡ್ಲ್ ಏಜಸ್', ಇವೆರಡು ಸಾಕು. ಸಾಲೊಮನ್ನನ ಕೀಲಿಕೈ ಆಮೇಲೆ. ಈಗ ಸಿಗುವ ಇಂಗ್ಲಿಷ್ ರೂಪ 1889ರಲ್ಲಿ ಮೇದರ್ಸ್ ಹಲವು ಹಸ್ತಪ್ರತಿ ಕೂಡಿಸಿ ಕಟ್ಟಿದ್ದು.

ಉಪವಾಸ, ನಿದ್ದೆಗೇಡು, ತಿಂಗಳುಗಟ್ಟಲೆ ಒಂಟಿತನ ಕೇಳುವ ಏಬ್ರಮೆಲಿನ್ ಥರದ ವಿಧಿಗಳಿಗೆ ಈಗ ಕೈ ಹಾಕಬೇಡ. ಅಪ್ಪ ಹೋಗಿ ನಿನಗಿನ್ನೂ ವರ್ಷ ತುಂಬಿಲ್ಲ. ನೀನು ಹೇಳಲಿಲ್ಲ, ನನಗೆ ಗೊತ್ತು. ಆ ಹೊತ್ತಿನಲ್ಲಿ ಕಿವಿ ಏನನ್ನು ಬೇಕಾದರೂ ಕೇಳಿಸಿಕೊಳ್ಳುತ್ತದೆ. ನಿದ್ದೆ ತಪ್ಪಿದರೆ ಪುಸ್ತಕ ಮುಚ್ಚಿ ಅಮ್ಮನ ಹತ್ತಿರ ಹೋಗಿ ಕೂರು. ಮೂರು ರಾತ್ರಿ ಸತತ ತಪ್ಪಿದರೆ ಡಾಕ್ಟರ ಹತ್ತಿರ ಹೋಗೋಣ, ನಾನೇ ಬರುತ್ತೇನೆ. ದುಡ್ಡು ಕೇಳಿ ದೀಕ್ಷೆ ಕೊಡುವವರು ಸಿಕ್ಕರೆ ನನಗೊಂದು ಫೋನು ಮಾಡು.

ಜನವರಿಯಲ್ಲಿ ಕೊಚ್ಚಿಗೆ ಹೋಗೋಣ ಎಂದಿದ್ದೇನೆ. ಮಟ್ಟಾಂಚೇರಿಯಲ್ಲಿ ನೆಹೆಮಿಯಾ ಮೋಟಾ ಎಂಬ ಕಬ್ಬಾಲಾ ವಿದ್ವಾಂಸರ ಸಮಾಧಿಯಿದೆ, ತೀರಿಕೊಂಡದ್ದು 1615ರಲ್ಲಿ. ಯಹೂದಿಗಳು ಬಹುಪಾಲು ಊರು ಬಿಟ್ಟರೂ ನೆರೆಯ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಅಲ್ಲಿ ಮೇಣದಬತ್ತಿ ಹಚ್ಚುತ್ತಾರೆ. ರೈಲಿನಲ್ಲಿ ಓದಿಕೊಂಡು ಹೋಗಲು ಡೇನಿಯಲ್ ಮ್ಯಾಟ್ ಅವರ 'ದ ಎಸೆನ್ಶಿಯಲ್ ಕಬ್ಬಾಲಾ' ತೆಗೆದುಕೊಳ್ಳೋಣ, ಚಿಕ್ಕ ಪುಸ್ತಕ. ಅವರು ಶುರು ಮಾಡಿದ ಜೋಹರ್ ಅನುವಾದ ಹನ್ನೆರಡು ಸಂಪುಟ. ಅದಕ್ಕೆ ಇನ್ನೂ ಕಾಲವಿದೆ.

ಈ ಭಾನುವಾರ ಬಾ. ಶೋಲೆಮ್ ತೆಗೆದಿಟ್ಟಿದ್ದೇನೆ. ಬೆನ್ನು ಬಿಟ್ಟಿದೆ, ಬಟ್ಟೆಯ ಚೀಲ ತಾ. ಒಂದು ನೋಟುಬುಕ್ಕೂ ಇರಲಿ, ಓದುವ ಪ್ರತಿ ಪುಸ್ತಕಕ್ಕೂ ಒಂದು ಪುಟ: ಯಾರು, ಯಾವಾಗ, ಯಾವ ಊರಿನಲ್ಲಿ, ಯಾರಿಗಾಗಿ. ಐದನೆಯ ಉಪನ್ಯಾಸದಲ್ಲಿ ವಿಧವೆಯ ಮಾತು ಬರುವ ಪುಟದ ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಬರೆದಿದ್ದೇನೆ: ನಿಜ ಹೇಳಿದ ಮೇಲೆ ಆ ತಾಯಿಗೂ ಮಗಳಿಗೂ ಏನಾಯಿತು? ಓದಿದ ಮೇಲೆ ನಿನಗೇನನಿಸಿತು, ಹೇಳು.